ಅಪ್‌ಡೇಟ್: ಉಬ್ಬಿದ ಟೈರ್ ಬದಲಾಯಿಸಿದೆ

ಸೇಡಂ ರಸ್ತೆಯ ಗುಂಡಿಗೆ ಇಳಿದು ಕಾರಿನ ಮುಂದಿನ ಎಡ ಟೈರಿನ ಪಕ್ಕ ನಿಂಬೆಹಣ್ಣಿನಷ್ಟು ಉಬ್ಬಿದೆ, ಪ್ಯಾಚ್ ಹಾಕಿಸಿದರೆ ಸಾಕಾ ಅಂತ ಕೇಳಿದ್ದೆ. ಸಾಕಾಗಲ್ಲ. ಉಬ್ಬಿದೆ ಅಂದರೆ ಒಳಗಿನ ದಾರಗಳೇ ಹರಿದಿವೆ, ಅದಕ್ಕೆ ರಿಪೇರಿ ಇಲ್ಲ. ಸ್ಟೆಪ್ನಿ ಹಾಕಿಕೊಂಡು ಅಂಗಡಿಗೆ ಹೋದೆ.

ಮೊದಲ ಅಂಗಡಿಯಲ್ಲಿ ರೇಟು ಕಡಿಮೆ. ಮೊಬೈಲ್ ಟಾರ್ಚ್ ಹಿಡಿದು ನೋಡಿದರೆ ಟೈರಿನ ಮೇಲೆ 1121 ಅಂತಿತ್ತು. ಅಂದರೆ 2021ರ 11ನೇ ವಾರದ ಮಾಲು! "ಓಡೇ ಇಲ್ಲ ಸರ್, ಹೊಸದೇ" ಅಂದರು. ಓಡದಿದ್ದರೂ ರಬ್ಬರಿಗೆ ವಯಸ್ಸಾಗುತ್ತೆ ಅಲ್ವಾ? ಸುಮ್ನೆ ಎದ್ದು ಬಂದೆ.

ಇನ್ನೊಂದು ಕಡೆ ತಾಜಾ ಮಾಲು ಸಿಕ್ಕಿತು. ಐಎಸ್‌ಐ ಗುರುತಿತ್ತು, ಹಳೆಯದರದ್ದೇ ಸೈಜು: 185/65 ಆರ್15, 88ಎಚ್. ಈ 88 ಅಂದರೆ ಒಂದು ಟೈರ್ 560 ಕೆಜಿ ಭಾರ ತಡೆಯುತ್ತೆ. ನಿಮ್ಮ ಗಾಡಿಗೆ ಹೇಳಿರುವ ಈ ನಂಬರಿಗಿಂತ ಕಡಿಮೆಯದು ತಗೋಬೇಡಿ. ಜೋಡಿ ತಗೊಂಡೆ. ಹುಡುಗ ಮುಂದೆ ಹಾಕೋಕೆ ಹೊರಟಿದ್ದ, ನಾನು ಹಿಂದಿದ್ದವನ್ನು ಮುಂದಕ್ಕೆ ತಂದು ಹೊಸವನ್ನು ಹಿಂದೆಯೇ ಹಾಕಿಸಿದೆ. ಸವೆದ ಟೈರ್ ಹಿಂದಿದ್ದು ಮಳೆಯಲ್ಲಿ ಜಾರಿದರೆ ಗಾಡಿ ತಿರುಗಿಬಿಡುತ್ತೆ. ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಅಲ್ಲೇ ಆಯ್ತು.

ನಮ್ಮ ಕಲಬುರಗಿ ಬಿಸಿಲಿಗೆ ಗಾಳಿ ಕಡಿಮೆ ಇರಲಿ ಅಂತ ಜಾಸ್ತಿ ಜನ ಹೇಳ್ತಾರೆ. ಉಲ್ಟಾ ಅದು. ಗಾಳಿ ಕಡಿಮೆಯಾದರೆ ಟೈರ್ ಇನ್ನೂ ಬಿಸಿಯಾಗುತ್ತೆ. ಡ್ರೈವರ್ ಬಾಗಿಲ ಹತ್ತಿರದ ಸ್ಟಿಕ್ಕರ್‌ನಲ್ಲಿ ಇರುವಷ್ಟೇ ಗಾಳಿ, ಬೆಳಿಗ್ಗೆ ಟೈರ್ ತಣ್ಣಗಿದ್ದಾಗ ಹಾಕಿಸುತ್ತಿದ್ದೇನೆ.