ಸಹಾಯ ಬೇಕು: ಗುತ್ತಿಗೆ ನೌಕರನ ಗಾಯಕ್ಕೆ ಪರಿಹಾರ ಎಲ್ಲಿ ಕೇಳಬೇಕು?

ಕಲಬುರಗಿಯಲ್ಲಿ ಕಾರ್ಮಿಕ ಕಾನೂನು ಬಲ್ಲವರು ದಯವಿಟ್ಟು ದಾರಿ ತೋರಿಸಿ.

ನಮ್ಮ ಅಣ್ಣ ಇಲ್ಲಿನ ಒಂದು ವಿಶ್ವವಿದ್ಯಾಲಯದಲ್ಲಿ ಗುತ್ತಿಗೆ ಮೇಲೆ ತೋಟದ ಕೆಲಸ ಮಾಡುತ್ತಿದ್ದ. 2024ರ ಆಗಸ್ಟ್‌ನಲ್ಲಿ ಹಾಸ್ಟೆಲ್ ಹಿಂದಿನ ಬೇವಿನ ಮರದ ಕೊಂಬೆ ಕಡಿಯುವಾಗ ಏಣಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿಯಿತು. ಪ್ಲೇಟ್ ಹಾಕಿಸಿದರೂ ಹಿಡಿತ ಬಂದಿಲ್ಲ. ಜೋಳದ ರೊಟ್ಟಿಯನ್ನೂ ಎಡಗೈಯಲ್ಲೇ ಮುರಿಯುತ್ತಾನೆ. ಆಸ್ಪತ್ರೆ ಖರ್ಚಿಗೆ ಅತ್ತಿಗೆಯ ಬಂಗಾರ ಅಡವು ಬಿದ್ದಿದೆ.

ವಿಶ್ವವಿದ್ಯಾಲಯದವರು ‘ಅವನು ನಮ್ಮ ನೌಕರನಲ್ಲ’ ಎನ್ನುತ್ತಾರೆ. ಗುತ್ತಿಗೆದಾರ ಫೋನ್ ಎತ್ತುವುದಿಲ್ಲ. ಇಬ್ಬರಿಗೂ ನೋಂದಾಯಿತ ಅಂಚೆಯಲ್ಲಿ ಪತ್ರ ಕಳಿಸಿದೆವು, ಉತ್ತರವಿಲ್ಲ. ಗುತ್ತಿಗೆದಾರನ ಕೈಕೆಳಗಿನವನಿಗೆ ಗಾಯವಾದರೂ ಮೂಲ ಮಾಲೀಕರೇ (ಗುತ್ತಿಗೆ ಕೊಟ್ಟ ಸಂಸ್ಥೆಯೇ) ಪರಿಹಾರ ಕೊಟ್ಟು ನಂತರ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬಹುದೆಂದು ಅಪಘಾತವಾದಾಗ ಜಾರಿಯಲ್ಲಿದ್ದ 1923ರ ನೌಕರರ ಪರಿಹಾರ ಕಾಯ್ದೆಯ 12ನೇ ಕಲಂ ಹೇಳುತ್ತಿತ್ತು. ಹಾಗಿದ್ದೂ ದುಡಿಸಿಕೊಂಡವರು ಹೀಗೆ ಕೈ ತೊಳೆದುಕೊಳ್ಳುವುದು ಅನ್ಯಾಯ.

ಗೊಂದಲ ಇರುವುದು ಇಲ್ಲಿ: ಸಂಬಳದ ಚೀಟಿಯಲ್ಲಿ ಪ್ರತಿ ತಿಂಗಳೂ ಇಎಸ್‌ಐ (ನೌಕರರ ರಾಜ್ಯ ವಿಮೆ) ಹಣ ಕಡಿತವಾಗಿದೆ, ಆದರೆ ಅಣ್ಣನ ಹೆಸರಿನಲ್ಲಿ ವಿಮಾ ಸಂಖ್ಯೆಯೇ ಇಲ್ಲ. ಇಎಸ್‌ಐ ವಿಮೆ ಇದ್ದವರು 1923ರ ಕಾಯ್ದೆಯಡಿ ಪರಿಹಾರ ಕೇಳುವಂತಿಲ್ಲ ಎಂಬ ನಿಯಮ ಆಗ ಇತ್ತು (ಇಎಸ್‌ಐ ಕಾಯ್ದೆಯ 53ನೇ ಕಲಂ). 1923ರ ಕಾಯ್ದೆಯಲ್ಲಿ ಪರಿಹಾರದ ಅರ್ಜಿಗೆ ಅಪಘಾತದಿಂದ ಎರಡು ವರ್ಷದ ಗಡುವು ಬೇರೆ ಇತ್ತು.

ಹಣ ಕಡಿದು ನೋಂದಣಿಯನ್ನೇ ಮಾಡಿಸದಿದ್ದಾಗ ಆ 53ನೇ ಕಲಂ ಅಡ್ಡ ಬರುತ್ತದೆಯೇ? ನಾವು ಮೊದಲು ಇಎಸ್‌ಐಗೆ ದೂರು ಕೊಡಬೇಕೇ, ಅಥವಾ ವಿಶ್ವವಿದ್ಯಾಲಯ ಮತ್ತು ಗುತ್ತಿಗೆದಾರ ಇಬ್ಬರನ್ನೂ ಎದುರುದಾರರನ್ನಾಗಿ ಮಾಡಿ ನೇರವಾಗಿ ಪರಿಹಾರದ ಅರ್ಜಿ ಹಾಕಬೇಕೇ?