ಕಡಲ ಬದಿಯ ಎಸ್‌ಯುವಿ: ಮಾರುವಾಗ ಬೆಲೆ ಉಳಿಯಬೇಕೆಂದರೆ?

ಪ್ರಶ್ನೆ (ಕಾರವಾರ): 2020ರ ಬ್ರೆಜಾ ಪೆಟ್ರೋಲ್, ಕೆಎ-30 ನೋಂದಣಿ, 62,000 ಕಿ.ಮೀ. ಓಡಿದೆ. ಮುಂದಿನ ವರ್ಷ ಮಾರುವ ಯೋಚನೆ. ಉಪ್ಪುಗಾಳಿಯ ಗಾಡಿ ಅಂತ ರೇಟು ಇಳಿಸುತ್ತಾರೆ. ಈಗಲೇ ಏನು ಮಾಡಿಡಬೇಕು?

ಉತ್ತರ (ಶಿರಸಿ): ತಿಳಿದವರು ಬಣ್ಣ ನೋಡುವುದಿಲ್ಲ, ಬಗ್ಗಿ ತಳ ನೋಡುತ್ತಾರೆ. ಬಾಗಿಲು ತೆರೆದು ಕೆಳಅಂಚಿಗೆ ಬೆರಳಾಡಿಸಿ, ನೀರಿಳಿಯುವ ಸಣ್ಣ ತೂತುಗಳು ಸಿಗುತ್ತವೆ. ಕೆಂಪುಮಣ್ಣು ಕೂತು ಅವು ಮುಚ್ಚಿದರೆ ಮಳೆನೀರು ಒಳಗೇ ನಿಂತು ತಗಡನ್ನು ಒಳಗಿನಿಂದ ತಿನ್ನುತ್ತದೆ. ಹೊರಗೆ ಬಣ್ಣ ಗುಳ್ಳೆ ಎದ್ದಾಗ ಕಾಲ ಮಿಂಚಿರುತ್ತದೆ. ಪ್ಲಾಸ್ಟಿಕ್ ಕಡ್ಡಿಯಿಂದ ಬಿಡಿಸಿ. ಸ್ಟೆಪ್ನಿ ಗುಂಡಿಯ ಮ್ಯಾಟನ್ನೂ ಎತ್ತಿ ಒಣಗಿಸಿ. ದಯವಿಟ್ಟು ತುಕ್ಕಿನ ಮೇಲೆಯೇ ಅಂಡರ್‌ಕೋಟಿಂಗ್ (ತಳಕ್ಕೆ ಹೊಡೆಯುವ ರಕ್ಷಣಾ ಲೇಪ) ಹೊಡೆಸಬೇಡಿ, ತೇವ ಅಡಿಯಲ್ಲೇ ಸಿಕ್ಕಿ ತುಕ್ಕು ಹರಡುತ್ತದೆ. ಉಜ್ಜಿ, ಪ್ರೈಮರ್ ಹಚ್ಚಿ, ಪೂರ್ತಿ ಒಣಗಿದ ಮೇಲೆ ಕೋಟಿಂಗ್.

ಉತ್ತರ (ಕುಮಟಾ): ಕಾಗದಪತ್ರವೂ ಅಷ್ಟೇ ಮುಖ್ಯ. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿರಬಹುದು. ಬ್ಯಾಂಕಿನ ಎನ್‌ಒಸಿ (ಆಕ್ಷೇಪಣೆ ಇಲ್ಲವೆಂಬ ಪತ್ರ) ಜೊತೆ ಫಾರ್ಮ್ 35 ಕೊಟ್ಟು ತೆಗೆಸಿ. ಮಾರುವ ದಿನ ಮಾಲೀಕತ್ವ ವರ್ಗಾವಣೆಯ ಫಾರ್ಮ್ 29, 30ಕ್ಕೆ ಸಹಿ. ಖಾಲಿ ಫಾರ್ಮಿಗೆ ಮಾತ್ರ ಸಹಿ ಹಾಕಬೇಡಿ. ಇನ್ಶೂರೆನ್ಸಿನ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದಿದ್ದಕ್ಕೆ ಸಿಗುವ ರಿಯಾಯಿತಿ) ನಿಮ್ಮದು, ಗಾಡಿಯದ್ದಲ್ಲ. ಕಂಪನಿಯಿಂದ ಅದರ ಪತ್ರ ತೆಗೆದುಕೊಳ್ಳಿ.

ಪ್ರಶ್ನೆ ಕೇಳಿದವರು: ಧನ್ಯವಾದ. ಎಡಬಾಗಿಲಿನ ಗೀರುಗಳಿಗೆ ಪೇಂಟ್ ಮಾಡಿಸಲೇ?

ಉತ್ತರ (ಶಿರಸಿ): ಬೇಡ ಮಾರಾಯ್ರೆ. ಬಣ್ಣದ ದಪ್ಪ ಅಳೆಯುವ ಮೀಟರ್ ಇಟ್ಟರೆ ಆ ಬಾಗಿಲೊಂದೇ ಬೇರೆ ತೋರಿಸುತ್ತದೆ, ಆಕ್ಸಿಡೆಂಟ್ ಗಾಡಿ ಅಂತ ಚೌಕಾಸಿ ಶುರು. ಉಗುರಿಗೆ ತಾಗದ ಗೀರಿಗೆ ರಬ್ಬಿಂಗ್ ಪಾಲಿಶ್ ಸಾಕು. ತಗಡು ಕಂಡಿದ್ದರೆ ಟಚ್‌ಅಪ್ ಬಣ್ಣ ಇವತ್ತೇ ಹಚ್ಚಿ, ಮಳೆಗಾಲದವರೆಗೆ ಬಿಡಬೇಡಿ.