‘ನೆಲತಾಳಿ’ ಅಂದ್ರ ಯಾವ ಹೂ? ಕರಿ ಮುಸಲಿನೂ ಇದೇನಾ?

ದುಂಡುಮಲ್ಲಿಗಿ:
ಕಲಘಟಗಿ ಕಡೆ ಸಾಗವಾನಿ ಕಾಡಿನ ನೆರಳಾಗ, ಜೂನ್ ಮಳಿ ಬಿದ್ದ ಮ್ಯಾಲೆ, ಒಂದು ಸಣ್ಣ ಹಳದಿ ಹೂ ಕಾಣಸ್ತದ. ಆರು ಎಸಳು, ಚುಕ್ಕಿ ಆಕಾರ, ಅಗಲ ರೂಪಾಯಿ ನಾಣ್ಯಕ್ಕಿಂತ ಒಂಚೂರು ಕಡಿಮಿ. ಹೂ ಮಣ್ಣಿನಿಂದಲೇ ಎದ್ದಂಗ ಐತಿ. ಎಲಿ ಒಂದು ಗೇಣಿಗಿಂತ ಉದ್ದ. ಊರಿನವರು ‘ನೆಲತಾಳಿ’ ಅಂತಾರ, ಗಿಡಮೂಲಿಕೆ ಅಂಗಡಿಯಾಗ ‘ಕರಿ ಮುಸಲಿ’ ಅಂತಾರ. ಎರಡೂ ಒಂದೇನಾ? ಕೊರಳಿನ ತಾಳಿಗೂ ಇದಕ್ಕೂ ಏನು ಸಂಬಂಧ? ಗಡ್ಡಿ ಕಿತ್ತು ತಂದು ಕುಂಡದಾಗ ಹಚ್ಚಿದ್ರ ಬರ್ತದೇನು?

ಬೇರುಬಿಳಲು:
ಕೊರಳಿನ ತಾಳಿಗೆ ಸಂಬಂಧ ಇಲ್ಲರೀ. ಪುಸ್ತಕದ ಹೆಸರು ‘ನೆಲತಾಳೆ’. ಮನೆ ನಮ್ಮ ಬಾಯಾಗ ಮನಿ ಆದಂಗ ತಾಳೆ ತಾಳಿ ಆಗೇತಿ, ಅಷ್ಟ. ತಾಳೆ ಅಂದ್ರ ತಾಳೆಮರ. ಎಲಿ ಬೆಳಕಿಗೆ ಹಿಡಿದು ನೋಡ್ರಿ: ಉದ್ದಕ್ಕೂ ನೆರಿಗಿ ಹಿಡಿದಂಗ ಮಡಿಕಿ ಇರ್ತಾವ, ಥೇಟ್ ಆಗಷ್ಟೇ ಮೊಳೆತ ತೆಂಗಿನ ಸಸಿಯಂಗ. ಅದಕ್ಕ ‘ನೆಲತೆಂಗು’ ಅನ್ನೋ ಹೆಸರೂ ಐತಿ. ತಮಿಳಿನ ‘ನಿಲಪ್ಪನೈ’, ಮಲಯಾಳದ ‘ನಿಲಪ್ಪನ’, ತೆಲುಗಿನ ‘ನೇಲತಾಡಿ’, ಎಲ್ಲಾದರ ಅರ್ಥಾನೂ ನೆಲದ ತಾಳೆ. ಸಂಸ್ಕೃತದಾಗ ‘ತಾಲಮೂಲಿ’. ಕೇರಳದ ದಶಪುಷ್ಪದಾಗ, ಅಂದ್ರ ಅಲ್ಲಿಯವರು ಪವಿತ್ರ ಅಂತ ಎಣಿಸೋ ಹತ್ತು ಗಿಡಗಳಾಗ, ಇದೂ ಒಂದು.

ಕರಿ ಮುಸಲಿ ಅಂದ್ರ ಇದರದೇ ಗಡ್ಡಿ. ಮುಸಲ ಅಂದ್ರ ಒನಕಿ; ಗಡ್ಡಿ ಒನಕಿಯಂಗ ನೆಟ್ಟಗ ಕೆಳಗ ಇಳಿದಿರ್ತದ, ಹೊರಗ ಕಪ್ಪು, ಒಳಗ ಬಿಳುಪು. ಬಿಳಿ ಮುಸಲಿ ಬ್ಯಾರೆ ಗಿಡ. ಅದಕ್ಕ ಬಿಳಿ ಹೂ, ಎತ್ತರದ ದಂಟು, ಬುಡದಾಗ ಗೊಂಚಲು ಗೊಂಚಲಾಗಿ ಬೇರುಗಡ್ಡಿ. ಅಂಗಡಿಯಾಗ ಬರೇ ‘ಮುಸಲಿ ಕೊಡ್ರಿ’ ಅಂದ್ರ ಯಾವುದಾದ್ರೂ ಕೈಗೆ ಬರಬಹುದು.

ಹಾಳೆಗಿಡ:
ಆರು ಎಸಳಿನ ಹಳದಿ ಚುಕ್ಕಿ ಕಂಡ ಮಾತ್ರಕ್ಕೆ ನೆಲತಾಳೆ ಎಂದು ತೀರ್ಮಾನಿಸಬೇಡಿ. ಅದೇ ಕುಟುಂಬದ ಹೈಪಾಕ್ಸಿಸ್ ಆರಿಯಾ ಹೂವೂ ಹೆಚ್ಚುಕಡಿಮೆ ಹೀಗೇ ಇರುತ್ತದೆ. ಅದರ ಎಲೆ ಹುಲ್ಲಿನಷ್ಟು ಸಪೂರ, ಕೆಲವೇ ಮಿಲಿಮೀಟರ್ ಅಗಲ. ನೆಲತಾಳೆಯದು ಒಂದರಿಂದ ಎರಡೂವರೆ ಸೆಂಟಿಮೀಟರ್.

ಇದಕ್ಕಿಂತ ಖಚಿತವಾದ ಗುರುತು ಹೂವಿನ ಕೆಳಗಿದೆ. ಎಲೆಯ ಬುಡವನ್ನು ಬೆರಳಿನಿಂದ ಮೆಲ್ಲಗೆ ಸರಿಸಿ. ಹೈಪಾಕ್ಸಿಸ್‌ನಲ್ಲಿ ತೊಟ್ಟಿನ ತುದಿಗೆ, ಹೂವಿನ ತಳದಲ್ಲೇ, ಅಂಡಾಶಯದ (ಮುಂದೆ ಕಾಯಿಯಾಗುವ ಭಾಗದ) ಉಬ್ಬು ಕಾಣುತ್ತದೆ. ನೆಲತಾಳೆಯಲ್ಲಿ ಅದು ಕಾಣುವುದಿಲ್ಲ. ಎಲೆಬುಡದ ಪೊರೆಯೊಳಗೆ, ನೆಲದ ಮಟ್ಟದಲ್ಲಿ ಅಡಗಿರುತ್ತದೆ. ನಾವು ತೊಟ್ಟು ಅಂದುಕೊಳ್ಳುವುದು ತೊಟ್ಟಲ್ಲ, ಆ ಅಂಡಾಶಯವೇ ಉದ್ದಕ್ಕೆ ಚಾಚಿದ ಕೊಕ್ಕು. ಹಾಗಾಗಿ ಕಾಯಿಯೂ ಅಲ್ಲೇ ಆಗುತ್ತದೆ, ಹುಡುಕದೆ ಸಿಗುವುದಿಲ್ಲ. ಒಳಗೆ ಹೊಳೆಯುವ ಕರಿ ಬೀಜ, ಅದಕ್ಕೂ ಪುಟ್ಟ ಕೊಕ್ಕು. ನೆಲತಾಳೆಯ ವೈಜ್ಞಾನಿಕ ಹೆಸರು ಕರ್ಕ್ಯುಲಿಗೋ ಆರ್ಕಿಯಾಯ್ಡಿಸ್; ಅದರ ಮೊದಲ ಪದ ಮೂತಿಹುಳುವಿನ ಲ್ಯಾಟಿನ್ ಹೆಸರಿನಿಂದ ಬಂದದ್ದು, ಈ ಕೊಕ್ಕಿನ ಕಾರಣಕ್ಕೇ.

ಹೂ ಇಲ್ಲದಾಗ ಈಚಲ ಸಸಿ ಮೋಸ ಮಾಡುತ್ತದೆ, ಅದಕ್ಕೂ ಮಡಿಕೆ ಎಲೆ. ಈಚಲು ಗಡುಸು, ತುದಿ ಚುಚ್ಚುತ್ತದೆ. ನೆಲತಾಳೆ ಮೆತ್ತಗೆ ಬಾಗುತ್ತದೆ.

ಮಸಾರಿಮಣ್ಣು:
ಕುಂಡದ ಮಾತಿಗೆ ಬರ್ತೀನಿ. ಕಾಡಿನಿಂದ ಕೀಳಬ್ಯಾಡ್ರಿ. ಮೀಸಲು ಅರಣ್ಯದಾಗ ಅಗಿಯೋದು ಅಪರಾಧ. ಗದಗ ಕಡೆಯವರಿಗೂ ಹೇಳ್ತೀನಿ, ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ. ಕಾನೂನು ಬಿಡ್ರಿ, ಗಡ್ಡಿ ಕಿತ್ರ ಇಡೀ ಗಿಡಾನ ಹೋಗ್ತದ. ಬೀಜ ಮೊಳಿಯೋದು ನಿಧಾನ, ಕಿತ್ತ ಜಾಗ ಲಗೂನ ತುಂಬಂಗಿಲ್ಲ.

ಔಷಧಿ ಸಸಿಗಳ ನರ್ಸರಿಯಾಗ ಕೇಳ್ರಿ. ಗಡ್ಡಿ ಸಿಕ್ರ ಒಂದೂವರೆಯಿಂದ ಎರಡು ಸೆಂಟಿಮೀಟರ್ ತುಂಡು ಮಾಡಿ, ಮೇಲ್ತುದಿಯ ಮೊಗ್ಗಿರೋ ತುಂಡು ಮೊದಲು ಹಚ್ಚರಿ, ಅದು ಬ್ಯಾಗ ಚಿಗೀತದ. ಕೊಯ್ದ ಬಾಯಿ ಒಂದು ದಿನ ನೆರಳಾಗ ಆರಲಿ. ಹುಬ್ಬಳ್ಳಿಯ ಎರೆ ಮಣ್ಣು ಹಾಕಿದ್ರೋ, ಗಡ್ಡಿ ಕೊಳೀತು ಅಂತ ತಿಳೀರಿ; ನೀರು ಬಸಿಯಂಗಿಲ್ಲ. ಮಸಾರಿ ಮಣ್ಣು ಎರಡು ಪಾಲು, ಉಸುಕು ಒಂದು ಪಾಲು, ಎಲಿಗೊಬ್ಬರ ಒಂದು ಪಾಲು. ಗಡ್ಡಿ ಕೆಳಗ ಇಳೀತದ, ಅದಕ್ಕ ಕುಂಡ ಅಗಲಕ್ಕಿಂತ ಆಳ ಇರಲಿ, ಒಂದಡಿ ಆದ್ರೂ. ಮಧ್ಯಾಹ್ನದ ಬಿಸಿಲು ಬ್ಯಾಡ.

ದುಂಡುಮಲ್ಲಿಗಿ:
ಪೊರಿ ಸರಿಸಿದ ಫೋಟೋ ಐತಿ, ಉಬ್ಬು ಕಾಣವಲ್ದು, ಎಲಿ ಎರಡು ಸೆಂಟಿಮೀಟರ್ ಅಗಲ. ಅಂದ್ರ ನೆಲತಾಳೆನ. ಒಂದು ಎಲಿಯ ತುದಿ ಮಣ್ಣಿಗೆ ತಾಗಿ ಅಲ್ಲೇ ಬೇರು ಬಿಟ್ಟಂಗ ಐತಿ, ಅದು ರೋಗ ಏನು?

ಹಾಳೆಗಿಡ:
ರೋಗವಲ್ಲ. ಈ ಗಿಡದ ಎಲೆತುದಿ ನೆಲ ಮುಟ್ಟಿದರೆ ಕೆಲವೊಮ್ಮೆ ಬೇರು ಬಿಟ್ಟು ಮರಿ ಹುಟ್ಟುತ್ತದೆ. ಕುಂಡದಲ್ಲೂ ಎಲೆ ಬಾಗಿದ ಕಡೆ ಒಂದು ಹಿಡಿ ಒದ್ದೆ ಎಲೆಗೊಬ್ಬರ ಇಟ್ಟು ನೋಡಿ.